ರುದ್ರಭೂಮಿಯವರಿಗೆ ಸರಿಯಾಗಿ ಸಂಬಳ ಕೊಡಿ, ಆಮೇಲೆ ‘ದುಡ್ಡು ಕೇಳ್ತಾರೆ’ ಅನ್ನಿ

ಮಣ್ಣಿಗೆ ಹೋಗಿ ಬಂದವರ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ. ‘ಅಲ್ಲೂ ದುಡ್ಡು ಕೇಳ್ತಾರಪ್ಪಾ, ಹೆಣದ ಮುಂದೆ ನಿಂತು ಕೈ ಚಾಚ್ತಾರೆ.’ ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲೂ ಇದೇ ಬಂತು. ಒಬ್ಬರು ಶುರು ಮಾಡಿದರು, ಉಳಿದವರು ಹೌದು ಹೌದು ಅಂದರು. ಗ್ರೂಪಿನಲ್ಲಿ ಎರಡು ಸಾಲು ಹಾಕಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಾವು ಚಿತಾಗಾರದಲ್ಲಿ ಇರುವುದು ಒಂದೆರಡು ಗಂಟೆ. ಅಳು, ಫೋನು, ಊರಿಂದ ಬರುವವರು ಎಲ್ಲಿಗೆ ಬಂದರು ಅನ್ನುವ ಚಿಂತೆ. ಅಲ್ಲಿ ಕೆಲಸ ಮಾಡುವವರ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಅದನ್ನು ತಪ್ಪು ಅನ್ನಲಾರೆ. ಆದರೆ ಬೆಂಗಳೂರಿನಲ್ಲಿ ನಮ್ಮ ಅಪ್ಪ ತೀರಿಕೊಂಡಾಗ, ಅವರಿಗೆ ಗಂಡುಮಕ್ಕಳಿಲ್ಲದ ಕಾರಣ, ಎಲ್ಲದಕ್ಕೂ ನಾನೇ ಮುಂದೆ ನಿಂತಿದ್ದೆ. ಹಾಗಾಗಿ ಹತ್ತಿರದಿಂದ ನೋಡಿದೆ.

ಅಲ್ಲಿದ್ದವರು ವಯಸ್ಸಾದ ಒಬ್ಬರು, ಅವರ ಜೊತೆ ಒಬ್ಬ ಹುಡುಗ. ಗಾಡಿಯಿಂದ ಇಳಿಸುತ್ತಿದ್ದಂತೆ ಅವರು ಕೇಳಿದ ಮೊದಲ ಪ್ರಶ್ನೆ, ‘ಯಜಮಾನರ ಎದೆಗೆ ಮೆಷಿನ್ ಏನಾದ್ರೂ ಹಾಕ್ಸಿದ್ರಾ ಅಮ್ಮಾ?’ ಪೇಸ್‌ಮೇಕರ್ ಬಗ್ಗೆ ಕೇಳುತ್ತಿದ್ದಾರೆ ಅಂತ ನನಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಅದರ ಬ್ಯಾಟರಿ ಬೆಂಕಿಗೆ ಸಿಡಿಯುತ್ತದೆ. ಕುಲುಮೆಯೂ ಹಾಳಾಗುತ್ತದೆ, ಬಾಗಿಲ ಹತ್ತಿರ ನಿಂತವನಿಗೂ ಅಪಾಯ. ಆಸ್ಪತ್ರೆಯಲ್ಲೇ ತೆಗೆಸಿ ಕಳಿಸಬೇಕು. ಎಷ್ಟು ಮನೆಯವರಿಗೆ ಇದು ಗೊತ್ತು?

ಆಮೇಲೆ ರಿಜಿಸ್ಟರ್. ನಮ್ಮ ಚಿಕ್ಕಪ್ಪ ಎಲ್ಲರೂ ಕರೆಯುವ ಹೆಸರನ್ನೇ ಹೇಳಿಬಿಟ್ಟರು. ರಿಜಿಸ್ಟರ್ ಬರೆಯುತ್ತಿದ್ದ ಆ ಹಿರಿಯರು ಪೆನ್ನು ನಿಲ್ಲಿಸಿ ಹೇಳಿದರು, ‘ಆಧಾರ್‌ನಲ್ಲಿ ಹೆಂಗಿದೆಯೋ ಹಂಗೇ ಬರೆಸಿ ಸ್ವಾಮಿ. ಇಲ್ಲಿ ಒಂದಕ್ಷರ ತಪ್ಪಿದ್ರೆ ಡೆತ್ ಸರ್ಟಿಫಿಕೇಟಿಗೆ, ಎಲ್‌ಐಸಿಗೆ ಈ ಅಮ್ಮನೇ ಅಲೀಬೇಕು.’ 21 ದಿನದೊಳಗೆ ಸಾವನ್ನು ನೋಂದಾಯಿಸಬೇಕು ಅನ್ನುವುದನ್ನೂ ಅವರೇ ನೆನಪಿಸಿದರು. ದುಃಖದಲ್ಲಿರುವವರಿಗೆ ಬೇಕಾದ ಮಾತು ಅದು. ಆಗ ನಮ್ಮ ಕಡೆಯ ಯಾರಿಗೂ ಅದು ಹೊಳೆದಿರಲಿಲ್ಲ.

ಅಪ್ಪನ ಮೇಲೆ ಹಾಕಿದ್ದ ಹಾರಗಳಲ್ಲಿ ಒಂದೆರಡು ಪ್ಲಾಸ್ಟಿಕ್ಕಿನವು. ಹುಡುಗ ಅವನ್ನು ಹುಡುಕಿ ಹುಡುಕಿ ತೆಗೆದ. ಹೊದೆಸಿದ್ದ ಶಾಲುಗಳನ್ನು ಬೆರಳಲ್ಲಿ ಉಜ್ಜಿ ನೋಡಿ, ನೈಲಾನ್ ಇದ್ದದ್ದನ್ನು ಪಕ್ಕಕ್ಕಿಟ್ಟ. ಒಳಗೆ ಏಳೆಂಟು ನೂರು ಡಿಗ್ರಿ ಕಾವು. ಪ್ಲಾಸ್ಟಿಕ್ ಹೋದರೆ ಆ ಹೊಗೆ ಕುಡಿಯುವವರು ಇವರೇ. ಎದೆಯ ಮೇಲೆ ಕರ್ಪೂರ ಇಡಬೇಕಾದಾಗ ನೆಂಟರಲ್ಲಿ ಏನೋ ಗುಸುಗುಸು ಶುರುವಾಯಿತು. ಹೆಣ್ಣುಮಗಳು ಇಡಬಹುದಾ, ಅಳಿಯನ ಕೈಲಿ ಇಡಿಸೋಣವಾ ಅಂತ. ಆ ಹಿರಿಯರು ಯಾರ ಕಡೆಯೂ ನೋಡದೆ ಕರ್ಪೂರದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ‘ಇಡಿ ಅಮ್ಮಾ, ಬಾಗಿಲು ತೆಗೆದಾಗ ಝಳ ಹೊಡೀತದೆ, ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳಿ’ ಅಂದರು. ಅಷ್ಟೇ. ಗುಸುಗುಸು ನಿಂತುಹೋಯಿತು.

ಮಾರನೇ ದಿನ ಅಸ್ಥಿಗೆ ಹೋದಾಗ ಅವರೇ ತಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬೂದಿಯಿಂದ ಒಂದೊಂದೇ ಮೂಳೆ ಬಿಡಿಸಿ ಕೊಟ್ಟರು. ಇದು ಮಂಡಿ, ಇದು ಬೆನ್ನು, ಇದು ತಲೆ. ಅವಸರ ಮಾಡಲಿಲ್ಲ. ಹೊರಗೆ ಇನ್ನೊಂದು ಗಾಡಿ ಬಂದು ನಿಂತಿತ್ತು, ಆದರೂ ಅವಸರ ಮಾಡಲಿಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ಕೋವಿಡ್ ಹೊತ್ತಿಗೆ ಬೆಂಗಳೂರಿನ ಪಾಲಿಕೆ ಚಿತಾಗಾರದಲ್ಲಿ ದಹನಕ್ಕೆ ಇದ್ದ ಶುಲ್ಕ 250 ರೂಪಾಯಿ. ಅದು ಪಾಲಿಕೆಗೆ ಹೋಗುತ್ತದೆ, ಕೆಲಸ ಮಾಡಿದವರ ಕೈಗಲ್ಲ. ಇವರಲ್ಲಿ ತುಂಬಾ ಜನ ವರ್ಷಗಟ್ಟಲೆ ಗುತ್ತಿಗೆಯಲ್ಲೇ ದುಡಿದವರು. ತಿಂಗಳುಗಟ್ಟಲೆ ಸಂಬಳ ಆಗಿಲ್ಲ ಅನ್ನುವ ಸುದ್ದಿಯನ್ನು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ ನಾವು? ಸಂಬಳ ಬಾರದ ಮನುಷ್ಯ ಎದುರಿಗೆ ಬಂದವರ ಹತ್ತಿರ ಕೇಳುತ್ತಾನೆ. ಹಾಗೆ ಕೇಳಲೇಬೇಕಾದ ಸ್ಥಿತಿಯಲ್ಲಿ ಅವನನ್ನು ಇಟ್ಟಿರುವ ವ್ಯವಸ್ಥೆಯನ್ನು ಬಿಟ್ಟು ಅವನನ್ನು ಬೈಯುವುದು ನನಗೆ ಒಪ್ಪಿಗೆ ಇಲ್ಲ.

ನಮ್ಮ ಲೆಕ್ಕವನ್ನೂ ನೋಡಿ. ಹೂವಿನವರು ಹೇಳಿದ್ದಷ್ಟು ಕೊಡುತ್ತೇವೆ. ಗಾಡಿಯವರು, ಫ್ರೀಜರ್ ಬಾಕ್ಸಿನವರು ಹೇಳಿದ್ದಷ್ಟು ಕೊಡುತ್ತೇವೆ. ತಿಥಿ ಊಟಕ್ಕೆ ಕೇಟರಿಂಗ್‌ನವರು ಎಲೆಗಿಷ್ಟು ಅಂದರೆ ತುಟಿಪಿಟಕ್ ಅನ್ನದೆ ಅಡ್ವಾನ್ಸ್ ಕೊಡುತ್ತೇವೆ. ಹೆಣವನ್ನು ಕೈಯಲ್ಲಿ ಮುಟ್ಟಿ, ಎತ್ತಿ, ಬೂದಿ ಮಾಡಿ, ಮೂಳೆ ಆರಿಸಿಕೊಟ್ಟವನು ಇನ್ನೂರು ಕೇಳಿದಾಗ ಮಾತ್ರ ನಮಗೆ ನ್ಯಾಯ, ನೀತಿ ಎಲ್ಲ ನೆನಪಾಗುತ್ತದೆ.

ಅಸಹಾಯಕರಾದ ಮನೆಯವರಿಂದ ಸಾವಿರಗಟ್ಟಲೆ ಕಿತ್ತುಕೊಳ್ಳುವವರು ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಇದ್ದಾರೆ. ಅದು ತಪ್ಪು, ದೂರು ಕೊಡಬೇಕು. ಆದರೆ ಅದನ್ನು ನಿಲ್ಲಿಸುವ ದಾರಿಯೂ ಸಂಬಳದಿಂದಲೇ ಶುರುವಾಗುತ್ತದೆ.

2021ರ ಏಪ್ರಿಲ್, ಮೇ, ಕೋವಿಡ್ ಎರಡನೇ ಅಲೆ ನೆನಪಿದೆಯಲ್ವಾ? ಬೆಂಗಳೂರಿನ ಸುಮನಹಳ್ಳಿ, ಮೇಡಿ ಅಗ್ರಹಾರದ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳ ಸಾಲು. ಚಾಮರಾಜಪೇಟೆಯ ಚಿತಾಗಾರದ ಮುಂದೆ ‘ಹೌಸ್‌ಫುಲ್’ ಅಂತ ಬೋರ್ಡ್ ಹಾಕಬೇಕಾಗಿ ಬಂತು. ಬಿಡುವಿಲ್ಲದೆ ಉರಿದು ಕುಲುಮೆಗಳು ಕೆಟ್ಟು ನಿಂತವು. ಕೊನೆಗೆ ಗಿಡ್ಡೇನಹಳ್ಳಿ, ತಾವರೆಕೆರೆಯಲ್ಲಿ ಬಯಲಲ್ಲೇ ಸೌದೆ ಒಟ್ಟಿ ಸುಡಲು ಶುರು ಮಾಡಿದರು. ಒಂದು ಚಿತೆಗೆ 300–400 ಕೆಜಿ ಸೌದೆ ಬೇಕು. ಅದನ್ನು ಹೊತ್ತು, ಜೋಡಿಸಿ, ರಾತ್ರಿಯಿಡೀ ಕಾಯುವವರು ಮನುಷ್ಯರೇ ಅಲ್ವಾ? ಬೇಸಿಗೆಯ ಬಿಸಿಲು, ಎದುರಿಗೆ ಬೆಂಕಿ, ಮೈಮೇಲೆ ಪಿಪಿಇ ಕಿಟ್ ಅನ್ನುವ ಪ್ಲಾಸ್ಟಿಕ್ ಅಂಗಿ. ಮನೆಯವರೇ ಮುಟ್ಟಲು ಹೆದರಿದ ದೇಹಗಳನ್ನು ಇವರು ಮುಟ್ಟಿದರು. ಬರಲಾಗದ ಮನೆಯವರಿಗೆ ಫೋನಿನಲ್ಲಿ ಮುಖ ತೋರಿಸಿದರು.

ಅಸ್ಥಿ ತೆಗೆದುಕೊಂಡು ಹೋಗಲೂ ಎಷ್ಟೋ ಜನ ಬರಲಿಲ್ಲ. ಆ ಮಡಿಕೆಗಳನ್ನು ಎಸೆಯದೆ ಜೋಪಾನ ಮಾಡಿದವರು ಇವರೇ. ಹಾಗೆ ಉಳಿದ ನೂರಾರು ಜನರ ಅಸ್ಥಿಯನ್ನು ಆ ಜೂನ್‌ನಲ್ಲಿ ಸರ್ಕಾರವೇ ಮಳವಳ್ಳಿ ತಾಲೂಕಿನ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ಮಂತ್ರಿಗಳು ಪೂಜೆ ಮಾಡಿದ ಫೋಟೋ ಎಲ್ಲರೂ ನೋಡಿದೆವು. ಅಲ್ಲಿಯವರೆಗೆ ಆ ಮಡಿಕೆಗಳನ್ನು ಕಾದವರ ಫೋಟೋ ನನಗೆ ಎಲ್ಲೂ ಕಾಣಲಿಲ್ಲ.

ಅವರ ಪರವಾಗಿ ಕೇಳೋಣ ಅಂದರೆ ಆಗ ಕಾರ್ಪೊರೇಟರೂ ಇರಲಿಲ್ಲ. 2015ರಲ್ಲಿ ಆರಿಸಿದ್ದವರ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು.

2022ರಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಇವರನ್ನು ಕರೆಸಿ ಜೊತೆಯಲ್ಲಿ ತಿಂಡಿ ತಿಂದರು. ಕೆಲಸ ಕಾಯಂ ಮಾಡುತ್ತೇವೆ, ಇನ್ನು ಮುಂದೆ ನಿಮ್ಮದು ‘ಸತ್ಯ ಹರಿಶ್ಚಂದ್ರ ಬಳಗ’ ಅಂದರು. ಸ್ಮಶಾನ ಕಾಯುವವರನ್ನು ಮುಖ್ಯಮಂತ್ರಿ ಪಕ್ಕದಲ್ಲಿ ಕೂರಿಸಿಕೊಂಡದ್ದು ಸಣ್ಣ ವಿಷಯ ಅಲ್ಲ, ನನಗೆ ನಿಜಕ್ಕೂ ಖುಷಿಯಾಗಿತ್ತು. ಆದರೆ ಕಾಯಂ ಅನ್ನುವುದು ಬೆಂಗಳೂರಿನ ಒಂದಷ್ಟು ಜನರಿಗೆ ನಿಲ್ಲಬಾರದು. ಜಿಲ್ಲೆ, ತಾಲೂಕುಗಳ ಮುಕ್ತಿಧಾಮಗಳಲ್ಲಿ ಕೆಲಸ ಮಾಡುವವರಿಗೂ ತಲುಪಬೇಕು.

ಹಳ್ಳಿಯ ಕಥೆ ಇನ್ನೂ ಕಷ್ಟ. ಎಷ್ಟೋ ಊರುಗಳಲ್ಲಿ ಗುಂಡಿ ತೋಡುವುದು, ತಮಟೆ ಬಡಿಯುವುದು, ಸುದ್ದಿ ಮುಟ್ಟಿಸುವುದು ದಲಿತ ಮನೆಗಳ ಪಾಲಿಗೆ ಬಂದ ಬಿಟ್ಟಿ ಚಾಕರಿಯಾಗಿತ್ತು. ಕೂಲಿ ಅಂದರೆ ಕೊಟ್ಟಷ್ಟು. ನಗರದಲ್ಲೂ ಈ ಕೆಲಸದಲ್ಲಿರುವವರಲ್ಲಿ ಹೆಚ್ಚಿನವರು ದಲಿತರೇ. ಬೆಂಗಳೂರಿನ ಕಲ್ಪಳ್ಳಿಯಂಥ ಕಡೆ ಸ್ಮಶಾನದಲ್ಲೇ ತಲೆಮಾರುಗಳಿಂದ ಸಂಸಾರ ಮಾಡಿಕೊಂಡು ಬಂದವರಿದ್ದಾರೆ. ಮಕ್ಕಳು ಅಲ್ಲೇ ಆಡಿ, ಅಲ್ಲೇ ಓದಿ ಬೆಳೆದವರು. ನಾವು ಅಲ್ಲಿಗೆ ಹೋಗಿ ಬಂದರೆ ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಆ ಮಕ್ಕಳು ಶಾಲೆಯಲ್ಲಿ ತಮ್ಮ ಮನೆ ವಿಳಾಸ ಹೇಳುವಾಗ ಎದುರಿಗಿದ್ದವರ ಮುಖ ಹೇಗಾಗುತ್ತದೆ, ಯೋಚಿಸಿ. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಯಾರ ಮನೆಯ ಸಾವೂ ಇವರ ಕೈ ದಾಟಿ ಹೋಗುವುದಿಲ್ಲ. ಇವರ ಮಕ್ಕಳಿಗೆ ಬಾಡಿಗೆ ಮನೆ ಕೊಡಲು ಮಾತ್ರ ನಮಗೆ ಹಿಂದೆಮುಂದೆ.

ವಾರ್ಡಿನಲ್ಲಿ ರಸ್ತೆ, ಕಸ, ನೀರಿನ ಬಗ್ಗೆ ಕೇಳುತ್ತೇವಲ್ಲ, ಹಾಗೇ ಇದನ್ನೂ ಕೇಳಿ. ನಮ್ಮ ಹತ್ತಿರದ ಚಿತಾಗಾರದಲ್ಲಿ ಕಾಯಂ ಎಷ್ಟು ಜನ, ಗುತ್ತಿಗೆ ಎಷ್ಟು ಜನ? ಹೋದ ತಿಂಗಳ ಸಂಬಳ ಆಗಿದೆಯಾ? ಗ್ಲೌಸ್, ಮಾಸ್ಕ್ ಕೊಡ್ತಿದ್ದಾರಾ? ವರ್ಷಕ್ಕೊಂದು ಸಲವಾದರೂ ಎದೆಯ ಪರೀಕ್ಷೆ ಮಾಡಿಸ್ತಾರಾ? ಕೆಲಸ ಮುಗಿಸಿ ಸ್ನಾನ ಮಾಡಲು ಬಿಸಿನೀರು ಇದೆಯಾ? ಶುಲ್ಕ ಎಷ್ಟು ಅಂತ ಎದ್ದು ಕಾಣುವ ಹಾಗೆ ಬೋರ್ಡ್ ಹಾಕಿದ್ದಾರಾ? ಇದನ್ನು ಕೇಳಲು ಮನೆಯಲ್ಲಿ ಸಾವು ಆಗುವವರೆಗೆ ಕಾಯಬೇಕಿಲ್ಲ.

ಹೋಗಬೇಕಾದ ದಿನ ಬಂದಾಗ ನಮ್ಮ ಕಡೆಯಿಂದ ಇಷ್ಟಾದರೂ ಮಾಡೋಣ. ಪ್ಲಾಸ್ಟಿಕ್ ಹಾರ, ನೈಲಾನ್ ಬಟ್ಟೆ ಮನೆಯಲ್ಲೇ ತೆಗೆದಿಡೋಣ. ಡಾಕ್ಟರ ಪತ್ರ, ಆಧಾರ್ ಜೊತೆಗಿರಲಿ. ಅಪಘಾತದ ಸಾವಾದರೆ ಪೊಲೀಸರ ಕಾಗದವೂ ಬೇಕು, ಅದಿಲ್ಲ ಅಂತ ಅವರು ತಡೆದರೆ ಜಗಳಕ್ಕೆ ಹೋಗಬೇಡಿ, ಕಾನೂನು ಹಾಗಿದೆ. ಅವರನ್ನು ‘ಏಯ್’ ಅಂತ ಕರೆಯಬೇಡಿ, ಅಣ್ಣ ಅನ್ನಿ.

ನಿಮ್ಮ ಊರಲ್ಲಿ ಈ ಕೆಲಸ ಯಾರು ಮಾಡುತ್ತಾರೆ, ಅವರಿಗೆ ಏನು ಸಿಗುತ್ತದೆ? ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.