ದೀಪ ಆರಿಸಲು ಹಣ ಕೊಟ್ಟೆ, ರಿಪೇರಿ ಆಗಲಿಲ್ಲ

ವಿಜಯಪುರದ ಒಂದು ಗ್ಯಾರೇಜಿನವರು ನನ್ನ ಕಾರಿನ ಎಂಜಿನ್ ದೀಪವನ್ನು ಒಂದು ತಿಂಗಳೊಳಗೆ ಮೂರು ಸಲ ಆರಿಸಿ, ಮೂರು ಸಲವೂ 500 ರೂಪಾಯಿ ತೆಗೆದುಕೊಂಡರು. ಅದು ಏಕೆ ಹೊತ್ತಿಕೊಂಡಿತ್ತು ಎಂಬುದನ್ನು ಮಾತ್ರ ಒಂದು ಸಲವೂ ಹೇಳಲಿಲ್ಲ.

ಮೊದಲು ಹೊತ್ತಿದ್ದು ಸ್ಟೇಷನ್ ರಸ್ತೆಯಲ್ಲಿ, ಗೋಳಗುಮ್ಮಟದ ಎದುರು. ವೇಗದ ಮುಳ್ಳಿನ ಪಕ್ಕದಲ್ಲಿ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರ ಮೂಡಿತು, ನಿಂತಲ್ಲೇ ಕಾರು ಸಣ್ಣಗೆ ಅದುರುತ್ತಿತ್ತು. ಈ ಎರಡನ್ನೂ ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದೆ. ಅಲ್ಲಿನವರು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ, ಎರಡು ಗುಂಡಿ ಒತ್ತಿ, "ಏನೂ ಇಲ್ರೀ, ಸೆನ್ಸರ್ ಹಂಗ ತೋರಸ್ತದ, ಆರಾಮ ಹೊಡೀರಿ" ಎಂದರು. ಯಾವ ಕೋಡ್ (ಕಾರಿನ ಕಂಪ್ಯೂಟರ್ ದಾಖಲಿಸುವ ದೋಷದ ಸಂಕೇತ) ಬಂದಿತ್ತು ಎಂದು ಕೇಳಿದ್ದಕ್ಕೆ, "ಅದು ನಿಮಗ ತಿಳಿಯಂಗಿಲ್ರೀ" ಎಂಬ ಉತ್ತರ ಬಂತು.

ತಿಳಿಯದಿರಲು ಅದರಲ್ಲೇನಿದೆ? ಉದಾಹರಣೆಗೆ, ಪಿ0303 ಎಂದರೆ ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಶಾಲೆಯ ಹುಡುಗನಿಗೂ ಅರ್ಥವಾಗುವ ಮಾತಿದು. ಕೋಡ್ ದಾಖಲಾದಾಗ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದನ್ನೂ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದೊಡನೆ ಆ ಲೆಕ್ಕವೂ ಅಳಿಸಿಹೋಗುತ್ತದೆ, ಮುಂದೆ ನೋಡುವ ಮೆಕ್ಯಾನಿಕ್ಕಿಗೆ ಹಿಡಿಯಲು ಯಾವ ಎಳೆಯೂ ಉಳಿಯುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಇಂತಹ ಎಷ್ಟೋ ದೋಷಗಳು ಕೆಲವು ಸಲದ ಓಡಾಟದಲ್ಲಿ ಮರುಕಳಿಸಿದ ಮೇಲೆಯೇ ದೀಪ ಮತ್ತೆ ಹೊತ್ತುವುದರಿಂದ, ಅಷ್ಟು ದಿನ ಗಿರಾಕಿ ರಿಪೇರಿ ಆಗಿದೆ ಎಂದೇ ನಂಬಿರುತ್ತಾನೆ. ನಾನೂ ಹಾಗೆಯೇ ನಂಬಿದ್ದೆ.

ಮೂರನೇ ಸಲ ಆರಿಸಿದ ಮರುವಾರ, ತಾಯಿಯನ್ನು ಕಣ್ಣಿನ ತಪಾಸಣೆಗೆಂದು ಬಾಗಲಕೋಟೆಗೆ ಕರೆದೊಯ್ಯುತ್ತಿದ್ದೆ. ಕೊಲ್ಹಾರ ದಾಟಿ ಕೃಷ್ಣೆಯ ಹಿನ್ನೀರಿನ ಉದ್ದನೆಯ ಸೇತುವೆ ಏರಿದ ಮೇಲೆ ಅದೇ ದೀಪ ಮಿಣುಕತೊಡಗಿತು, ಕಾರು ಜಗ್ಗಿ ಜಗ್ಗಿ ಓಡತೊಡಗಿತು. ಸ್ಥಿರವಾಗಿ ಹೊತ್ತಿದರೆ ಬೇಗನೆ ತೋರಿಸಿಕೊಳ್ಳಿ ಎಂದರ್ಥ, ಮಿಣುಕಿದರೆ ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಿ ಎಂದರ್ಥ. ಎರಡೂ ಕಡೆ ನೀರು, ಹಿಂದೆ ಲಾರಿ, ಪಕ್ಕದಲ್ಲಿ ಸೀಟಿನ ಅಂಚು ಹಿಡಿದು ಕುಳಿತ ಎಪ್ಪತ್ತು ದಾಟಿದ ತಾಯಿ. ಆಕ್ಸಿಲರೇಟರ್ ಮೇಲೆ ಕಾಲು ಊರದೆ ಮೆಲ್ಲಗೆ ಆಚೆ ದಡ ಮುಟ್ಟಿ ನಿಲ್ಲಿಸಿದೆ. ಅವರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕಾಯಿತು, ಕಾರನ್ನು ಎಳೆಸಿಕೊಂಡು ಹೋಗಬೇಕಾಯಿತು.

ಬಾಗಲಕೋಟೆಯ ಮೆಕ್ಯಾನಿಕ್ ಮೊದಲು ಕೋಡ್ ಓದಿ, ಪಿ0303 ಎಂದು ಕಾಗದದ ಮೇಲೆ ಬರೆದುಕೊಂಡರು. ಮೂರನೇ ಸಿಲಿಂಡರಿನಲ್ಲಿ ಕಿಡಿ ಹಾರಿಸಲು ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಬಿಚ್ಚಿ ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಹಾಕಿ ಎಂಜಿನ್ ಓಡಿಸಿದರು. ಈಗ ಪಿ0302 ಬಂತು. ಕಾಯಿಲ್ ಹೋದಲ್ಲಿಗೆ ದೋಷವೂ ಹೋಗಿತ್ತು. ಹತ್ತು ನಿಮಿಷದ ಕೆಲಸ! ಮೊದಲ ದಿನವೇ ಇಷ್ಟು ಮಾಡಿದ್ದರೆ ಒಂದು ಕಾಯಿಲಿನ ಖರ್ಚಿನಲ್ಲಿ ಎಲ್ಲವೂ ಮುಗಿಯುತ್ತಿತ್ತು.

ಆದರೆ ಅಷ್ಟು ದಿನ ಉರಿಯದ ಪೆಟ್ರೋಲ್ ಹೊಗೆಕೊಳವೆಗೆ ಇಳಿದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅಲ್ಲಿನ ಜೇನುಗೂಡಿನಂತಹ ಸೆರಾಮಿಕ್ಕನ್ನು ಕರಗಿಸಿಬಿಟ್ಟಿತ್ತು. ಅವರು ಬಿಚ್ಚಿ ಅಲುಗಾಡಿಸಿದಾಗ ಒಳಗಿನ ಚೂರುಗಳು ಗಲಗಲ ಸದ್ದು ಮಾಡಿದವು. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುತ್ತದೆ, ಆದ್ದರಿಂದಲೇ ಆ ಬೆಲೆ. ಕಾಯಿಲಿನ ಹತ್ತು ಪಟ್ಟಿಗಿಂತ ಹೆಚ್ಚು ಹಣ ತೆತ್ತು ಹೊಸದು ಹಾಕಿಸಿದೆ.

ಮರಳಿ ಬಂದು ಇಲ್ಲಿಯ ಗ್ಯಾರೇಜಿನ ಮಾಲೀಕರನ್ನು ಕೇಳಿದರೆ, "ಲೈಟ್ ಆರಸ್ರಿ ಅಂತ ನೀವ ಅಂದಿದ್ರಿ" ಎನ್ನುತ್ತಾರೆ. ನಾನು ಹಾಗೆ ಅಂದಿಲ್ಲ. ಏಕೆ ಹೊತ್ತಿದೆ ನೋಡಿ ಎಂದಿದ್ದೆ. ಕೋಡ್ ಅಳಿಸುವ ಮೊದಲು ಅದನ್ನು ರಸೀದಿಯ ಮೇಲೆ ಬರೆದುಕೊಡಲು ಯಾವ ಖರ್ಚೂ ಇಲ್ಲ, ಒಂದು ಸಾಲು ಶಾಯಿ ಸಾಕು. ನನ್ನ ಬಳಿಯಿರುವ ಮೂರೂ ರಸೀದಿಗಳಲ್ಲಿ "ಚೆಕ್ ಲೈಟ್ ಕ್ಲಿಯರ್, 500" ಎಂದಷ್ಟೇ ಇದೆ. ಆ ಮೂರು ದಿನ ಸ್ಕ್ಯಾನರಿನಲ್ಲಿ ಏನು ಕಂಡಿತ್ತು ಎಂದು ಬರೆದುಕೊಡಿ ಎಂದು ಕಾಗದದಲ್ಲಿ ಕೇಳಿದ್ದೇನೆ. ಹದಿನೈದು ದಿನವಾಯಿತು, ಫೋನ್ ಕೂಡ ಎತ್ತುತ್ತಿಲ್ಲ.