ಡ್ರ್ಯಾಗನ್ನಿಗೆ ಒಂದು 30×40 ಸೈಟು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮ್ಯಾಪಿನ ಒಂದು ಚೌಕ ಅಂದರೆ 5 ಅಡಿ. ಆ ಲೆಕ್ಕದಲ್ಲಿ ನಮ್ಮ ಬೆಂಗಳೂರಿನ 30×40 ಸೈಟು ಅಗಲಕ್ಕೆ 6 ಚೌಕ, ಉದ್ದಕ್ಕೆ 8. ಒಟ್ಟು 48. ಪೂರ್ತಿ ಬೆಳೆದ ಮುದಿ ಡ್ರ್ಯಾಗನ್ ಒಂದಕ್ಕೆ ಸುಮ್ನೆ ನಿಲ್ಲುವುದಕ್ಕೇ 16 ಚೌಕ ಬೇಕು. ಸೈಟಿನ ಮೂರನೇ ಒಂದು ಭಾಗ ಅಲ್ಲಿಗೇ ಹೋಯಿತು. ಮಿಕ್ಕಿದ್ದರಲ್ಲಿ ಸೆಟ್‌ಬ್ಯಾಕ್ ಬಿಟ್ಟು, ಕಾರು ನಿಲ್ಲಿಸಿ, ಆಮೇಲೆ ಯುದ್ಧ ಮಾಡಬೇಕು. ಮಾಂತ್ರಿಕ ಸೈಟಿನ ನಟ್ಟನಡುವೆ ಒಂದು ಫೈರ್‌ಬಾಲ್ ಎಸೆದ ಅಂದುಕೊಳ್ಳಿ. ಬೆಂಕಿ ಸುತ್ತಲೂ 20 ಅಡಿ ಹಬ್ಬುತ್ತದೆ. ಆ ಕಡೆ ಮನೆಯವರ ಜಾಗಕ್ಕೆ 5 ಅಡಿ, ಈ ಕಡೆ ಮನೆಯವರ ಜಾಗಕ್ಕೆ 5 ಅಡಿ. ಒಣಗಿಹಾಕಿದ ಹಪ್ಪಳ ಅಲ್ಲೇ ಸುಟ್ಟುಹೋಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದ ಆಟ ಇದು. ಒಬ್ಬ ಕಥೆ ನಡೆಸುತ್ತಾನೆ, ಅವನು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಉಳಿದವರು ವೀರರು, ಕಳ್ಳರು, ಮಾಂತ್ರಿಕರು. ನಮ್ಮ ಗುಂಪಿನ ಒಬ್ಬ ಮೈಸೂರಿನಲ್ಲಿ, ಒಬ್ಬಳು ಪುಣೆಯಲ್ಲಿ, ಇನ್ನೊಬ್ಬ ನ್ಯೂಜೆರ್ಸಿಯಲ್ಲಿ. ನಮಗೆ ಶನಿವಾರ ರಾತ್ರಿ, ಅವನಿಗೆ ಆಗಿನ್ನೂ ಹಲ್ಲುಜ್ಜುವ ಹೊತ್ತು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರೆ ಬಾಯಲ್ಲೇ "ಕತ್ತಲೆ ಗುಹೆ, ಎಲ್ಲೋ ನೀರು ತೊಟ್ಟಿಕ್ಕುತ್ತಿದೆ" ಅಂದರೆ ನಡೆಯುತ್ತಿತ್ತು. ಆನ್‌ಲೈನ್ ಅಂದಮೇಲೆ ಗುಹೆಯನ್ನೂ ತೋರಿಸಬೇಕು, ನೀರನ್ನೂ ತೋರಿಸಬೇಕು. ತೋರಿಸುವ ಕೆಲಸ ಡಿಎಂದು. ಅಂದರೆ ನನ್ನದು.

ಮೊದಲ ಗೋಳು ಗ್ರಿಡ್ಡಿನದು, ಅಂದರೆ ಮ್ಯಾಪಿನ ಮೇಲಿನ ಚೌಕದ ಗೆರೆಗಳದು. ಆನ್‌ಲೈನ್ ಆಡುವುದಕ್ಕೆ ರೋಲ್‌ಟ್ವೆಂಟಿ, ಫೌಂಡ್ರಿ ಅಂತ ಪ್ರೋಗ್ರಾಮುಗಳಿವೆ. ರೋಲ್‌ಟ್ವೆಂಟಿಯಲ್ಲಿ ಒಂದು ಚೌಕಕ್ಕೆ ಸಾಮಾನ್ಯವಾಗಿ 70 ಪಿಕ್ಸೆಲ್, ಫೌಂಡ್ರಿಯಲ್ಲಿ 100. ನಾವು ಇಳಿಸಿಕೊಂಡ ಮ್ಯಾಪ್ ಬರೆದ ಪುಣ್ಯಾತ್ಮ ಇನ್ನೇನೋ ಲೆಕ್ಕ ಇಟ್ಟಿರುತ್ತಾನೆ. ಸಾಲದ್ದಕ್ಕೆ ಚಿತ್ರದ ಮೇಲೇ ಗೆರೆಗಳನ್ನೂ ಎಳೆದಿರುತ್ತಾನೆ. ಅದರ ಮೇಲೆ ಪ್ರೋಗ್ರಾಮು ತನ್ನ ಗೆರೆ ಎಳೆಯುತ್ತದೆ. ಎಡಗಡೆ ಎರಡೂ ಕೂಡಿಸಿ ಉಸಿರು ಬಿಟ್ಟು ಬಲಗಡೆ ನೋಡಿದರೆ ಅರ್ಧ ಚೌಕ ಜರುಗಿರುತ್ತದೆ. ಅಲ್ಲಿ ನಿಲ್ಲಿಸಿದ ಓರ್ಕ್ ಎಂಬ ರಾಕ್ಷಸ ಅರ್ಧ ಗೋಡೆಯೊಳಗೆ, ಅರ್ಧ ಹೊರಗೆ. ಇದನ್ನು ಕಂಡು ನಗುವವರು ಒಳ್ಳೆಯ ಆಟಗಾರರು. ನಮ್ಮ ಮೈಸೂರಿನವನು ನಗುವುದಿಲ್ಲ. ಓರ್ಕನ್ನು ಕೊಂದು, ತಾನು ಆ ಜಾಗದಲ್ಲಿ ನಿಂತು, "ಅರ್ಧ ಮರೆಯಲ್ಲಿದ್ದರೆ ರಕ್ಷಣೆಗೆ ಎರಡು ಅಂಕ ಜಾಸ್ತಿ ಅಂತ ರೂಲ್ ಇದೆ, ಕೊಡು" ಅನ್ನುತ್ತಾನೆ. ರೂಲ್ ಇರುವುದು ನಿಜ. ಸುಡುಗಾಡು ಪುಸ್ತಕ ಅವನಿಗೆ ಬಾಯಿಪಾಠ.

ಗ್ರಿಡ್ ಆದಮೇಲೆ ಗೋಡೆ. ಚಿತ್ರದಲ್ಲಿ ಗೋಡೆ ಇದ್ದ ಮಾತ್ರಕ್ಕೆ ಕಂಪ್ಯೂಟರಿಗೆ ಅದು ಗೋಡೆಯಲ್ಲ. ಅದರ ಮೇಲೆ ಆಟಗಾರರಿಗೆ ಕಾಣದ ಇನ್ನೊಂದು ಗೆರೆ ಎಳೆಯಬೇಕು. ಆಗ ಪಂಜಿನ ಬೆಳಕು 20 ಅಡಿ ಚೆನ್ನಾಗಿ, ಇನ್ನೂ 20 ಅಡಿ ಮಂಕಾಗಿ ಹೋಗಿ, ಗೋಡೆಗೆ ಬಡಿದು ನಿಲ್ಲುತ್ತದೆ. ಎರಡು ಗೆರೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಆಯಿತು, ಬೆಳಕು ಅದರಲ್ಲಿ ತೂರಿ, ಗುಟ್ಟಿನ ಕೋಣೆ ದಾಟಿ, ಡ್ರ್ಯಾಗನ್ನಿನ ಬಾಲದ ಮೇಲೆ ಬಿದ್ದಿರುತ್ತದೆ. "ಅಲ್ಲೇನೋ ಕೆಂಪಗೆ ಕಾಣ್ತಿದೆಯಲ್ಲಾ?" ಅಂತ ಪುಣೆಯಿಂದ ದನಿ ಬರುತ್ತದೆ. "ರತ್ನಗಂಬಳಿ" ಅಂತ ಸುಳ್ಳು ಹೇಳಿದ್ದೂ ಉಂಟು.

ಹೀಗೆ ಒಂದು ಕೋಟೆಯ ಗೋಡೆಗಳ ಸಂದಿ ಮುಚ್ಚುತ್ತಾ ಕೂತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ಸ್ವಂತ ಮನೆ ಕಟ್ಟಿಸಿದವರು. ಪ್ಲಾನ್ ಕಂಡರೆ ಸುಮ್ಮನಿರುವವರಲ್ಲ.

"ಯಾರ ಮನೆಯೋ ಇದು?"

"ಒಂದು ಡ್ರ್ಯಾಗನ್‌ದು ಅಪ್ಪ."

"ಅಡುಗೆಮನೆ ಆಗ್ನೇಯಕ್ಕೆ ಬರ್ಬೇಕಲ್ಲೋ."

"ಅದು ಹಸೀದೇ ತಿನ್ನತ್ತೆ."

ಕನ್ನಡಕ ಮೇಲಕ್ಕೇರಿಸಿ ಬಗ್ಗಿ ನೋಡಿದರು. "ಬಾಗಿಲು ಐದಡಿ, ಪ್ರಾಣಿ ಇಪ್ಪತ್ತಡಿ. ಒಳಗೆ ಹೆಂಗೆ ಬಂತು?"

"ಮರಿ ಇದ್ದಾಗ ಬಂತು."

"ಸರಿ. ಪಾಯಿಖಾನೆ ಎಲ್ಲಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಇಳಿಸಿಕೊಂಡ ಮ್ಯಾಪುಗಳಲ್ಲಿ ಬಲಿಪೀಠ ಇರುತ್ತದೆ, ಚಿತ್ರಹಿಂಸೆಯ ಕೋಣೆ ಇರುತ್ತದೆ, ಇದೊಂದು ಇರುವುದೇ ಇಲ್ಲ. ಕಾವಲಿಗಿರುವ ನಲವತ್ತು ಗಾಬ್ಲಿನ್‌ಗಳು ಎಲ್ಲಿಗೆ ಹೋಗಬೇಕು? ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ವಾಯವ್ಯಕ್ಕೆ ಒಂದು ಚೌಕದ ಪಾಯಿಖಾನೆ, ಅಲ್ಲಿಂದ ಹೊರಗಿನ ಕಂದಕಕ್ಕೆ ಅಗಲವಾದ ಕೊಳವೆ. "ಸಣ್ಣದು ಹಾಕಿದ್ರೆ ಕಟ್ಕೊಳತ್ತೆ." ನಿಧಿಯ ಕೋಣೆಯನ್ನು ಉತ್ತರಕ್ಕೆ ಸರಿಸಿದರು. ಅದು ಕುಬೇರನ ದಿಕ್ಕಂತೆ.

ಶನಿವಾರ ಕೋಟೆಯ ಮುಂದೆ ಗುಂಪು ನಿಂತಿತು. ಮುಖ್ಯ ದ್ವಾರದಲ್ಲಿ ಬಾಣ ಬಿಡುವ ಬಲೆ, ಸೇತುವೆಯ ಕೆಳಗೆ ಮೊಸಳೆ, ಹಜಾರದಲ್ಲಿ ಒಂದೊಂದೇ ಹಚ್ಚಿಟ್ಟ ಮೇಣದಬತ್ತಿ. ಒಂದೊಂದಕ್ಕೂ ಬೆಳಕಿನ ಬಣ್ಣ ಬೇರೆ. ನ್ಯೂಜೆರ್ಸಿಯವನು ಆಕಳಿಸುತ್ತಾ ಮ್ಯಾಪನ್ನು ಹಿಗ್ಗಿಸಿ ನೋಡಿದ. ಇತಿಹಾಸದ ಹುಚ್ಚಿನವನು ಬೇರೆ.

"ಕಂದಕದ ಹತ್ರ ಇರೋದು ಕೊಳವೆ ಅಲ್ವಾ? 1204ರಲ್ಲಿ ಫ್ರಾನ್ಸಿನ ಶಾಟೋ ಗಯಾರ್ ಕೋಟೆಗೆ ಹಿಂಗೇ ಪಾಯಿಖಾನೆ ಕಿಂಡಿಯಿಂದ ನುಗ್ಗಿದ್ರು ಅಂತ ಕಥೆ ಇದೆ. ಕೆಲವರು ಕಿಟಕಿಯಿಂದ ಅಂತಾರೆ. ನಾನು ಕಿಂಡಿ ಪಾರ್ಟಿ."

ನುಗ್ಗಿಯೇಬಿಟ್ಟರು. ವಾಯವ್ಯದಿಂದ ಉತ್ತರಕ್ಕೆ ಒಂದೇ ಗೋಡೆ. ಕಳ್ಳ ಅದನ್ನೂ ಕೊರೆದ. ಚಿನ್ನ ತುಂಬಿಕೊಂಡು ಬಂದ ದಾರಿಯಲ್ಲೇ ಜಾರಿ ಹೋದರು. ನನ್ನ ಡ್ರ್ಯಾಗನ್ 16 ಚೌಕದಲ್ಲಿ ಗಟ್ಟಿಯಾಗಿ ಕೂತಿತ್ತು. ಐದಡಿ ಬಾಗಿಲಿನಲ್ಲಿ ಅಟ್ಟಿಸಿಕೊಂಡು ಹೋಗುವುದಕ್ಕೂ ಆಗಲಿಲ್ಲ.

ಬೆಳಿಗ್ಗೆ ಅಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು. "ಪ್ಲಾನ್ ಇಷ್ಟ ಆಯ್ತಾ ಅವರಿಗೆ?"

"ತುಂಬಾ ಇಷ್ಟ ಆಯ್ತು. ಅರ್ಧ ಗಂಟೇಲಿ ಎಲ್ಲ ಬಾಚ್ಕೊಂಡು ಹೋದ್ರು."

"ಮತ್ತೆ? ವಾಸ್ತು ಅಂದ್ರೆ ಏನಂದ್ಕೊಂಡೆ?" ಹಾಳೆ ಮಗುಚಿದರು. "ಮುಂದಿನದಕ್ಕೆ ಒಂದು ಸಂಪ್ ಮಾಡ್ಸು. ಬೇಸಿಗೇಲಿ ನೀರಿಗೆ ಒದ್ದಾಡ್ತಾರೆ."