ಗೇಟಿನ ಒಳಗೆ ಹೋದ ಸರಕಿಗೆ ತಾರೀಖು ಯಾವುದು?

ಮಳೆಗಾಲ ಶುರುವಾದ ಹೊತ್ತು. ರಾತ್ರಿ ಎಂಟೂವರೆ. ಬೆಳಗಾವಿಯ ಉದ್ಯಮಬಾಗದಲ್ಲಿ, ಕಬ್ಬಿಣ ಎರಕ ಹೊಯ್ಯುವ ನಮ್ಮ ಫೌಂಡ್ರಿಯ ಶೆಡ್ಡಿನ ಮುಂದೆ ಗಾಡಿ ತಾಡಪಾಲು ಬಿಗಿದುಕೊಂಡು ನಿಂತಿತ್ತು. ಒಳಗೆ 480 ಪಂಪ್ ಹೌಸಿಂಗ್, ಅಂದರೆ ಪಂಪಿನ ಹೊರಕವಚ. ಒರಟು ಅಂಚು ತೆಗೆಯುವ ಫೆಟ್ಲಿಂಗ್ ಮುಗಿದು, ಪ್ರೈಮರ್ ಒಣಗಿ, ಬಿಲ್, ಮಾಲು ಸಾಗಿಸಲು ಬೇಕಾದ ಇ-ವೇ ಬಿಲ್ ಎಲ್ಲಾ ಆಗಿತ್ತು. ಉಳಿದಿದ್ದು ಒಂದೇ, ಪುಣೆ ಕಡೆಯ ಆ ದೊಡ್ಡ ಕಂಪನಿಯ ಪೋರ್ಟಲಿನಲ್ಲಿ ಏಎಸ್‌ಎನ್ ಹಾಕುವುದು. ಯಾವ ಮಾಲು, ಎಷ್ಟು, ಯಾವ ಗಾಡಿ, ಯಾವ ಹೀಟ್ (ಒಮ್ಮೆಗೆ ಕರಗಿಸಿ ಸುರಿದ ಕಬ್ಬಿಣ) ನಂಬರ್ ಅಂತ ಮೊದಲೇ ತಿಳಿಸುವ ಚೀಟಿ ಅದು. ಅದಾದರೇನೇ ಬಾರ್‌ಕೋಡ್ ಲೇಬಲ್ ಪ್ರಿಂಟ್ ಆಗುವುದು. ಲೇಬಲ್ ಇಲ್ಲದ ಗಾಡಿಯನ್ನು ಅವರು ಗೇಟಿನೊಳಗೆ ಬಿಡುವುದಿಲ್ಲ.

ಡಿಸ್ಪ್ಯಾಚ್ ನೋಡಿಕೊಳ್ಳುವ ಹುಡುಗಿ ನಾಲ್ಕು ಸಲ ಒತ್ತಿದಳು. ನಾಲ್ಕೂ ಸಲ ಕೆಂಪು ಅಕ್ಷರ. "ಅಣ್ಣಾ, ರೇಟ್ ಮ್ಯಾಚ್ ಆಗವಲ್ದು ಅನ್ನಾಕತ್ತೈತಿ" ಅಂದಳು. ನಮ್ಮ ಕಚ್ಚಾ ಮಾಲಾದ ಪಿಗ್ ಐರನ್ ರೇಟು ಏರಿದ್ದಕ್ಕೆ ಅವರೇ ಮೇಲ್‌ನಲ್ಲಿ ಹೊಸ ದರ ಒಪ್ಪಿದ್ದರು. ಒಪ್ಪಿದ್ದನ್ನು ಪರ್ಚೇಸ್ ಆರ್ಡರಿನಲ್ಲಿ ಏರಿಸಿರಲಿಲ್ಲ. ಫೋನ್ ಹಚ್ಚಿದರೆ ಯಾರೂ ಎತ್ತಲಿಲ್ಲ. ಕೊನೆಗೆ ಮೊದಲು ಇ-ವೇ ಬಿಲ್ ರದ್ದು ಮಾಡಿ, ಆಮೇಲೆ ಜಿಎಸ್‌ಟಿಯಲ್ಲಿ ದಾಖಲಾದ ಇ-ಇನ್‌ವಾಯ್ಸ್ ರದ್ದು ಮಾಡಿ, ಹೊಸ ನಂಬರಿನಲ್ಲಿ ಹಳೇ ದರಕ್ಕೇ ಇನ್ನೊಂದು ಬಿಲ್ ಮಾಡಿ ಗಾಡಿ ಬಿಟ್ಟಾಗ ಹತ್ತೂಕಾಲು. ಆ ದರದ ವ್ಯತ್ಯಾಸದ ಹಣ ಇವತ್ತಿಗೂ ಬಂದಿಲ್ಲ.

ಇಷ್ಟಕ್ಕೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವ್ಯಾಪಾರದಲ್ಲಿ ಇಂಥವು ಇದ್ದದ್ದೇ. ನನ್ನ ಮನಸ್ಸು ಕಲಕಿದ್ದು ಮುಂದಿನದು.

ಮರುದಿನ ಗಾಡಿ ಗೇಟು ದಾಟಿತು. ತಡವಾಯಿತು ಅಂತ ಅದೇ ಸಂಜೆ ಪೋರ್ಟಲಿನಲ್ಲಿ ನಮ್ಮ ವೆಂಡರ್ ರೇಟಿಂಗ್ 92ರಿಂದ 88ಕ್ಕೆ ಇಳಿಯಿತು. ಮಾಲಿನ ಮುಂದೆ ಮಾತ್ರ "ಕ್ಯೂಸಿ ಪೆಂಡಿಂಗ್", ಅಂದರೆ ಗುಣಮಟ್ಟದ ತಪಾಸಣೆ ಬಾಕಿ ಅಂತ ಹಳದಿ ಗುರುತು. ಆರನೇ ದಿನ ಅವರ ಪ್ಲಾನಿಂಗ್‌ನವರ ಫೋನ್ ಬಂತು, ಸ್ಟಾಕ್ ಮುಗಿಯುತ್ತಾ ಬಂತು, ಮುಂದಿನ ಲಾಟ್ ಬೇಗ ಕಳಿಸಿ, ಇಲ್ಲದಿದ್ದರೆ ಲೈನ್ ನಿಲ್ಲುತ್ತದೆ ಅಂತ. ಅಂದರೆ ನಮ್ಮ ಹೌಸಿಂಗುಗಳು ಆಗಲೇ ಪಂಪುಗಳಾಗಿ ಹೊರಬೀಳುತ್ತಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಅವಿನ್ನೂ ತಪಾಸಣೆಗೆ ಕಾಯುತ್ತಿದ್ದವು! ಮಾಲು ಸ್ವೀಕರಿಸಿದ್ದೇವೆ ಅನ್ನುವ ಅವರ ದಾಖಲೆ, ಜಿಆರ್‌ಎನ್, ಆಗಿದ್ದು ಹತ್ತೊಂಬತ್ತನೇ ದಿನ. ನಮಗೆ ಹಣ ಬರಬೇಕಾದ 45 ದಿನದ ಎಣಿಕೆ ಶುರುವಾಗಿದ್ದು ಅಲ್ಲಿಂದ.

ಕಾನೂನು ಹೀಗೆ ಹೇಳುವುದಿಲ್ಲ. 2006ರ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆಯನ್ನು ನಮ್ಮ ಫೌಂಡ್ರಿ, ಮಷಿನ್ ಶಾಪಿನವರು ಒಮ್ಮೆಯಾದರೂ ಕೂತು ಓದಬೇಕು. ಮಾಲು ಮುಟ್ಟಿದ 15 ದಿನದೊಳಗೆ ಖರೀದಿದಾರ ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ, ಮಾಲು ಮುಟ್ಟಿದ ದಿನವೇ ಒಪ್ಪಿಕೊಂಡ ದಿನ. ಲಿಖಿತ ಒಪ್ಪಂದವಿದ್ದರೂ ಅಲ್ಲಿಂದ 45 ದಿನ ದಾಟುವ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. 2023ರ ಬಜೆಟ್ಟಿನಲ್ಲಿ ಆಗಿನ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅನ್ನುವ ಕಲಂ ಸೇರಿಸಿದರು, 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕಿರು ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಆ ವರ್ಷ ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲೇ ತೋರಿಸಬೇಕು. ಆದರೆ ಈ ಎಲ್ಲ ನಿಯಮಕ್ಕೂ ಬುಡ ಒಂದೇ ತಾರೀಖು. ಆ ತಾರೀಖು ಬರೆಯುವ ಕೀಲಿ ಮಾತ್ರ ಖರೀದಿದಾರನ ಸಾಫ್ಟ್‌ವೇರಿನ ಕೈಯಲ್ಲಿದೆ. ಒಂದು ಹಳದಿ ಗುರುತು ಲಿಖಿತ ತಕರಾರು ಹೇಗಾದೀತು?

ಬಾಕಿ ಹಣಕ್ಕೆ ಸರ್ಕಾರದ ಪೋರ್ಟಲಿನಲ್ಲಿ ದೂರು ಕೊಡಿ ಅನ್ನುತ್ತಾರೆ. ಕೊಟ್ಟ ಮೇಲೆ ವೆಂಡರ್ ಕೋಡ್, ಅಂದರೆ ಆ ಕಂಪನಿಗೆ ಮಾಲು ಕೊಡುವ ನಮ್ಮ ನೋಂದಣಿ, ಉಳಿಯುತ್ತದೆ ಅಂತ ಧೈರ್ಯವಾಗಿ ಹೇಳುವ ಒಬ್ಬ ಮಾಲಕನನ್ನೂ ನಾನು ಉದ್ಯಮಬಾಗ, ಮಚ್ಛೆ, ಹೊನಗಾದಲ್ಲಿ ಕಂಡಿಲ್ಲ.

ಇತ್ತ ಜಿಎಸ್‌ಟಿ ಕಾಯುವುದಿಲ್ಲ. ಇ-ಇನ್‌ವಾಯ್ಸ್ ಆದ ಕ್ಷಣದಲ್ಲೇ ಆ ಬಿಲ್ ಸರ್ಕಾರದ ಕಣ್ಣಿಗೆ ಬೀಳುತ್ತದೆ. ಮುಂದಿನ ತಿಂಗಳ 20ನೇ ತಾರೀಖಿಗೆ ಬಿಲ್ಲಿನ ಮೇಲಿನ 18 ಪರ್ಸೆಂಟ್ ತೆರಿಗೆ ಕಟ್ಟಲೇಬೇಕು. ಕೈಗೆ ಬರದ ದುಡ್ಡಿಗೆ ಬ್ಯಾಂಕ್ ಸಾಲದ ಸಿಸಿ ಅಕೌಂಟಿನಿಂದ ಎಳೆದು ತೆರಿಗೆ ಕಟ್ಟಿದ್ದೇನೆ. ಇದಕ್ಕೆ ದಾರಿ ಇಲ್ಲವೆಂದಲ್ಲ. ಬಾಕಿ ಬಿಲ್ಲಿಗೆ ಮೊದಲೇ ಹಣ ಸಿಗುವ ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆ ಇದೆ. ಬಿಲ್ ಅಲ್ಲಿ ಹಾಕಿದರೆ ಬ್ಯಾಂಕುಗಳು ಪೈಪೋಟಿಯಲ್ಲಿ ದರ ಕೂಗಿ ಹಣ ಕೊಡುತ್ತವೆ, ನಾಳೆ ಕಂಪನಿ ಕೊಡದಿದ್ದರೂ ನಮ್ಮನ್ನು ಕೇಳುವಂತಿಲ್ಲ. ನಾನು ಕಂಡ ಒಳ್ಳೆಯ ವ್ಯವಸ್ಥೆಗಳಲ್ಲಿ ಇದೊಂದು. 250 ಕೋಟಿ ಮೀರಿದ ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅದರಲ್ಲಿ ನೋಂದಾಯಿಸಲೇಬೇಕು ಅಂತ ಆದೇಶವೂ ಆಯಿತು. ಆದರೆ ಅಲ್ಲೂ ಖರೀದಿದಾರ ಬಿಲ್ ಒಪ್ಪಬೇಕು. ಜಿಆರ್‌ಎನ್ ಆಗದೆ ಅವರು ಒಪ್ಪುವುದಿಲ್ಲ. ಸುತ್ತಿ ಸುತ್ತಿ ಮತ್ತೆ ಅದೇ ಹಳದಿ ಗುರುತಿನ ಹತ್ತಿರ ಬಂದು ನಿಲ್ಲುತ್ತೇವೆ.

ಡಿಜಿಟಲ್ ಬೇಡ ಅನ್ನುವವನಲ್ಲ ನಾನು. ನಮ್ಮ ಅಪ್ಪನ ಕಾಲದಲ್ಲಿ ಡ್ರಾಯಿಂಗ್ ಕೊರಿಯರಿನಲ್ಲಿ ಬರುತ್ತಿತ್ತು. ಒಮ್ಮೆ ಬದಲಾದ ಡ್ರಾಯಿಂಗ್ ಬರುವುದು ತಡವಾಗಿ, ಹಳೆಯದರ ಮೇಲೇ ಇಡೀ ಹೀಟ್ ಸುರಿದು, ಅಷ್ಟೂ ಕಾಸ್ಟಿಂಗನ್ನು ಮತ್ತೆ ಫರ್ನೇಸಿಗೆ ಹಾಕಬೇಕಾಯಿತು. ಅಪ್ಪ ಆ ರಾತ್ರಿ ಉಣ್ಣಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಈಗ ಡ್ರಾಯಿಂಗ್ ಬದಲಾದ ಗಳಿಗೆಯಲ್ಲೇ ನನ್ನ ಮೊಬೈಲ್ ಸದ್ದು ಮಾಡುತ್ತದೆ. ಮೂರು ತಿಂಗಳ ಶೆಡ್ಯೂಲ್ ಮುಂಚೆಯೇ ಕಾಣುತ್ತದೆ, ಪಿಗ್ ಐರನ್, ಸ್ಕ್ರ್ಯಾಪ್ ಅದಕ್ಕೆ ತಕ್ಕಂತೆ ತರಿಸುತ್ತೇನೆ. ಪರ್ಚೇಸ್ ಸಾಹೇಬರ ಕ್ಯಾಬಿನ್ ಹೊರಗೆ ಬೆಂಚಿನ ಮೇಲೆ ದಿನಗಟ್ಟಲೆ ಕೂರುವುದು ತಪ್ಪಿತು. ಇದೆಲ್ಲಾ ಖರೇನ ಉಪಕಾರವಾಗಿದೆ.

ನಾನು ಕೇಳುತ್ತಿರುವುದು ಇಷ್ಟೇ. ನನ್ನ ಗಾಡಿ ಎರಡು ತಾಸು ತಡವಾದದ್ದು ಗೊತ್ತಾಗುವ ಪೋರ್ಟಲಿಗೆ ಅವರ ಜಿಆರ್‌ಎನ್ ಹತ್ತೊಂಬತ್ತು ದಿನ ತಡವಾದದ್ದೂ ಗೊತ್ತಾಗಲಿ. ಗೇಟಿನಲ್ಲಿ ಲೇಬಲ್ ಸ್ಕ್ಯಾನ್ ಆದ ಹೊತ್ತು ಇಬ್ಬರಿಗೂ ಕಾಣಲಿ. 15 ದಿನ ಯಾರೂ ತಕರಾರು ಬರೆಯದಿದ್ದರೆ ಮಾಲು ತಾನೇ ಸ್ವೀಕೃತ ಅಂತ ದಾಖಲಾಗಲಿ, ಪಕ್ಕದಲ್ಲಿ ಹಣ ಬರುವ ತಾರೀಖು ಬೀಳಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಕಿಲ್ಲ, ಎಲ್ಲ ಮಾಹಿತಿ ಆಗಲೇ ಅದರೊಳಗಿದೆ.

ಇದನ್ನು ಕೇಳುವ ಮುಂಚೆ ನನ್ನನ್ನೂ ಕೇಳಿಕೊಂಡೆ. ಎರಕಕ್ಕೆ ಬೇಕಾದ ಮಾದರಿ, ಅಂದರೆ ಪ್ಯಾಟರ್ನ್ ಮಾಡಿಕೊಡುವ ಬಡಿಗೇರ ಕಾಕಾನಿಗೆ ನಾನೂ ಖರೀದಿದಾರನೇ. "ಕಂಪನಿ ದುಡ್ಡು ಬರ್ಲಿ ಕಾಕಾ" ಅಂತ ಎಷ್ಟು ಸಲ ಅಂದಿದ್ದೇನೋ. ಆತ ಎಂದೂ ಎದುರಾಡಲಿಲ್ಲ. ಈಗ ಪ್ಯಾಟರ್ನ್ ಶೆಡ್ಡಿಗೆ ಬಂದ ದಿನವೇ ಆತನ ಎದುರಿಗೆ ತಾರೀಖು ಬರೆದು ಸಹಿ ಮಾಡಿಕೊಡುತ್ತೇನೆ. ಹೋದ ಎರಡು ಬಿಲ್ ಮೂವತ್ತು ದಿನದೊಳಗೆ ಮುಟ್ಟಿಸಿದ್ದೇನೆ.

ಇಂಥ ಪೋರ್ಟಲುಗಳ ಕೋಡ್ ಬರೆಯುವವರಲ್ಲಿ, ಕಂಪನಿಗಳ ಪರ್ಚೇಸ್ ವಿಭಾಗದಲ್ಲಿ ಕೂತವರಲ್ಲಿ ನಮ್ಮ ಬೆಳಗಾವಿಯಲ್ಲೇ ಇಂಜಿನಿಯರಿಂಗ್ ಓದಿದ ಮಕ್ಕಳು ಬಹಳ ಇದ್ದೀರಿ. ಪುಣೆಯಿಂದ, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಬರ್ರಿ. ಮಂಗಳವಾರ, ಶುಕ್ರವಾರ ನಮ್ಮಲ್ಲಿ ಹೀಟ್ ಇರುತ್ತದೆ, ಮೂರು ಗಂಟೆಗೆ ಸುರಿಯುತ್ತೇವೆ. ಸುರಿಯುವುದನ್ನು ನೋಡಿ, ಆಮೇಲೆ ಡಿಸ್ಪ್ಯಾಚ್ ಟೇಬಲ್ಲಿಗೆ ಹೋಗೋಣ. ಆ ಪೆಂಡಿಂಗ್ ಸಾಲುಗಳನ್ನು ನಮ್ಮ ಹುಡುಗಿ ತೆರೆದು ತೋರಿಸುತ್ತಾಳೆ.